ಅಜಿತ್ರೋಮೈಸಿನ್ ಮಾತ್ರೆಗೊಂದು ಬಹಿರಂಗ ಪತ್ರ

ಪ್ರಿಯ ಅಜಿತ್ರೋಮೈಸಿನ್,

ಶಿಕಾರಿಪುರ, ಸೊರಬ ಸೀಮೆಯಲ್ಲಿ ಚಳಿ ಬಿದ್ದಿದೆ. ಬೆಳಿಗ್ಗೆ ಎಂಟಾದರೂ ಗದ್ದೆಬಯಲಿನ ಮಂಜು ಕರಗುವುದಿಲ್ಲ, ಮಧ್ಯಾಹ್ನವಾದರೆ ಬಿಸಿಲು ಚುರುಗುಟ್ಟುತ್ತದೆ. ಭತ್ತದ ಒಕ್ಕಲು, ಮೆಕ್ಕೆಜೋಳದ ರಾಶಿ, ಅಡಿಕೆ ಕೊಯ್ಲು ಎಲ್ಲ ಒಂದರ ಬೆನ್ನಿಗೆ ಒಂದು ಬರುವ ಕಾಲ. ಮನೆಯಲ್ಲಿ ಒಬ್ಬರು ಸೀನಿದರೆ ವಾರದೊಳಗೆ ಎಲ್ಲರಿಗೂ ಶೀತ. ಹಾಗಾಗಿ ನಿನಗೆ ಕೈತುಂಬ ಕೆಲಸ. ಆ ಕೆಲಸ ನಿನ್ನದಲ್ಲ ಎಂದು ಹೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಸಂಜೆ ಹೊತ್ತು ನಮ್ಮ ಕಡೆಯ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಇದು ಕಾಣುತ್ತದೆ. 'ಅಣ್ಣ, ಗಂಟಲು ಕೆರೀತಿದೆ, ಮೈಕೈ ನೋವು. ನಾಳೆ ಕೊಯ್ಲಿಗೆ ಹೋಗ್ಬೇಕು, ಏನಾದ್ರೂ ಸ್ಟ್ರಾಂಗ್ ಮಾತ್ರೆ ಕೊಡಿ.' ಅಂಗಡಿಯವನ ಕೈ ಮೇಲಿನ ಡಬ್ಬಿಗೆ ಹೋಗುತ್ತದೆ. ಐನೂರು ಮಿಲಿಗ್ರಾಂನ ನೀನು ಹೊರಗೆ ಬರುತ್ತೀಯ. ಪೂರ್ತಿ ಕೋರ್ಸಿಗೆ ದುಡ್ಡಿಲ್ಲದವರಿಗೆ ಕತ್ತರಿಯಲ್ಲಿ ಕತ್ತರಿಸಿ ಒಂದೋ ಎರಡೋ ಕೊಡುವುದೂ ಉಂಟು. ಹಾಗೆ ಕತ್ತರಿಸಿದ ಚೂರಿನಲ್ಲಿ ನಿನ್ನ ಹೆಸರು ಅರ್ಧ, ಅವಧಿ ಮುಗಿಯುವ ತಾರೀಖು ಇನ್ನೊಂದು ಚೂರಿನಲ್ಲಿ. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ, ನುಂಗುವಂತಿಲ್ಲ ಎಂದು ಸಾರುವ, ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆಯನ್ನು ಯಾರೂ ನೋಡುವುದೇ ಇಲ್ಲ. ಆ ಗೆರೆಯ ಅರ್ಥ ಜನರಿಗೆ ತಿಳಿಸಲೆಂದೇ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಅಭಿಯಾನ ನಡೆಸಿತ್ತು.

ಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಆಸ್ಪತ್ರೆಗೆ ಹೋಗಿ ಸರದಿಯಲ್ಲಿ ಕೂತರೆ ಒಂದು ದಿನದ ಕೂಲಿ ಹೋಗುತ್ತದೆ. ಆದರೆ ನೀನು ಏನೆಂದು ಅವರಿಗೆ ಯಾರೂ ಹೇಳಿಲ್ಲವಲ್ಲ ಎಂಬುದು ನನ್ನ ಸಂಕಟ. ನೀನು ಹುಟ್ಟಿದ್ದು 1980ರಲ್ಲಿ, ಈಗಿನ ಕ್ರೊಯೇಷಿಯಾದ ಜಾಗ್ರೆಬ್ ನಗರದಲ್ಲಿ, ಪ್ಲಿವಾ ಎಂಬ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ. ಬ್ಯಾಕ್ಟೀರಿಯಾಗಳು ಬದುಕಲು ಬೇಕಾದ ಪ್ರೋಟೀನ್ ತಯಾರಾಗದಂತೆ ತಡೆಯುವುದು ನಿನ್ನ ಕಸುಬು. ನೆಗಡಿ ತರುವುದು ವೈರಸ್. ರೈನೋವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಇನ್‌ಫ್ಲುಯೆಂಜಾ ಕೂಡ ವೈರಸ್ಸೇ. ನೀನು ಹಿಡಿಯಬೇಕಾದ ಯಂತ್ರವೇ ಅವುಗಳಲ್ಲಿಲ್ಲ. ಎರಡು ಮೂರನೆಯ ದಿನ ಜೋರಾಗಿ ವಾರ, ಹತ್ತು ದಿನದಲ್ಲಿ ತಾನಾಗಿಯೇ ಇಳಿಯುವುದು ನೆಗಡಿಯ ಸ್ವಭಾವ. ಅದು ಜೋರಾದ ದಿನವೇ ಜನ ನಿನ್ನನ್ನು ನುಂಗುತ್ತಾರೆ, ಇಳಿದಾಗ ಹೆಸರು ನಿನಗೆ ಬರುತ್ತದೆ. ಕಫ ಹಳದಿಯಾಯಿತು, ಹಸಿರಾಯಿತು ಎಂದು ನಿನ್ನನ್ನು ಕರೆಯುವುದೂ ತಪ್ಪೇ. ನೆಗಡಿ ಮಾಗುವಾಗ ಬಣ್ಣ ಹಾಗಾಗುವುದು ಸಹಜ.

ನಿನ್ನ ನಿಜವಾದ ಕೆಲಸ ಬೇರೆಯಿದೆ, ಅದು ದೊಡ್ಡ ಕೆಲಸ. ಟೈಫಾಯ್ಡ್ ಬಂದವರನ್ನು ಉಳಿಸುವವನು ನೀನು. ಹಳೆಯ ಔಷಧಿಗಳಿಗೆ ಆ ರೋಗ ಬಗ್ಗದಂತಾದ ಮೇಲೆ ಬಾಯಿಯಿಂದ ಕೊಡಬಹುದಾದ ಮಾತ್ರೆಗಳಲ್ಲಿ ಮುಖ್ಯವಾಗಿ ಉಳಿದವನೇ ನೀನು. ಸ್ಕ್ರಬ್ ಟೈಫಸ್ ಬಂದ ಗರ್ಭಿಣಿಗೂ ನಿನ್ನನ್ನೇ ಕೊಡುತ್ತಾರೆ. ಬಾಂಗ್ಲಾದೇಶ, ಪಾಕಿಸ್ತಾನಗಳಲ್ಲಿ ನಿನಗೂ ಬಗ್ಗದ ಟೈಫಾಯ್ಡ್ ಬ್ಯಾಕ್ಟೀರಿಯಾ ಈಗಾಗಲೇ ಕಾಣಿಸಿಕೊಂಡಿದೆ. ನೆಗಡಿಗೆಂದು ನುಂಗಿದಾಗ ನೀನು ಹೊಟ್ಟೆಯಲ್ಲಿರುವ ಬಡಪಾಯಿ ಬ್ಯಾಕ್ಟೀರಿಯಾಗಳನ್ನೆಲ್ಲ ಕೊಲ್ಲುತ್ತೀಯ, ಗಟ್ಟಿಯಾದವು ಉಳಿದು ಬೆಳೆಯುತ್ತವೆ. ನಾಳೆ ಟೈಫಾಯ್ಡ್ ಬಂದ ಮಗುವಿಗೆ ನೀನು ಬೇಕಾದಾಗ ನಿನ್ನ ಕೈ ಸೋತಿದ್ದರೆ ಏನು ಮಾಡುವುದು?

ಹಾಗಾದರೆ ನೆಗಡಿಗೆ ಏನು ಮಾಡಬೇಕು ಎಂದು ಕೇಳಬಹುದು. ಅದು ಹರಡುವ ಜಾಗದಿಂದಲೇ ಹೇಳುತ್ತೇನೆ. ಅಡಿಕೆ ಸುಲಿಯುವ ಮನೆಯಲ್ಲಿ ರಾತ್ರಿ ಹತ್ತಾರು ಜನ ಮೆಟ್ಟುಗತ್ತಿ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾರೆ. ಚಳಿಗೆಂದು ಬಾಗಿಲು ಹಾಕಿರುತ್ತದೆ, ಪಕ್ಕದಲ್ಲೇ ಅಡಿಕೆ ಬೇಯುವ ಒಲೆಯ ಹೊಗೆ. ಒಬ್ಬರು ಕೆಮ್ಮುತ್ತಿದ್ದರೂ ಕುಡಿಯುವ ಚೊಂಬು ಎಲ್ಲರಿಗೂ ಒಂದೇ. ಕಿಟಕಿ ತೆರೆದಿಡುವುದು, ಲೋಟ ಬೇರೆ ಮಾಡುವುದು, ಶೀತವಿದ್ದವರು ಸೆರಗನ್ನೋ ಟವೆಲನ್ನೋ ಮೂಗು ಬಾಯಿಗೆ ಕಟ್ಟಿಕೊಂಡು ಬಾಗಿಲ ಹತ್ತಿರ ಕೂರುವುದು, ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯುವುದು. ಇಷ್ಟಕ್ಕೆ ದುಡ್ಡೇನೂ ಬೇಕಿಲ್ಲ. ಬಂದ ಮೇಲೆ ಬೆಚ್ಚಗಿನ ನೀರು, ಕಾಳುಮೆಣಸಿನ ಸಾರು, ಹುರುಳಿ ಕಟ್ಟು, ನಮ್ಮ ಹೊಲದಲ್ಲೇ ಬೆಳೆಯುವ ಶುಂಠಿ ಜಜ್ಜಿ ಜೀರಿಗೆ, ಕೊತ್ತಂಬರಿ, ಬೆಲ್ಲ ಹಾಕಿದ ಕಷಾಯ. ಅವು ವೈರಸ್ಸನ್ನು ಕೊಲ್ಲುವುದಿಲ್ಲ, ಗಂಟಲಿಗೆ ಹಿತ ಕೊಡುತ್ತವೆ, ಮೈಗೆ ನೀರು ಸೇರಿಸುತ್ತವೆ. ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವುದೂ ಒಳ್ಳೆಯದೇ. ಜ್ವರವಿದ್ದರೆ ಪ್ಯಾರಸಿಟಮಾಲ್ ಸಾಕು. ಕುದಿಯುವ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಆವಿ ಕೊಡುವುದು ಮಾತ್ರ ಬೇಡ, ಪಾತ್ರೆ ಮಗುಚಿದರೆ ಮೈ ಬೇಯುತ್ತದೆ. ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಶೀತಕ್ಕೆ ಕೊಡುವ ಕ್ಲೋರ್‌ಫೆನಿರಮಿನ್–ಫಿನೈಲ್‌ಎಫ್ರಿನ್ ಬೆರಕೆಯ ಸಿರಪ್ಪನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು 2023ರ ಡಿಸೆಂಬರ್‌ನಲ್ಲೇ ಆದೇಶವಾಗಿದೆ.

ಕಾಯಬಾರದ ಹೊತ್ತೂ ಇದೆ. ಒಂದರಿಂದ ಐದು ವರ್ಷದ ಮಗು ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ 40 ಸಲವೋ ಅದಕ್ಕಿಂತ ಹೆಚ್ಚೋ ಉಸಿರಾಡುತ್ತಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಅದು ನ್ಯುಮೋನಿಯಾ ಇರಬಹುದು. ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕು. ವಯಸ್ಸಾದವರು, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರು, ಗರ್ಭಿಣಿಯರು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಇವರಿಗೆ ಫ್ಲೂ ಬಂದರೆ ಅದಕ್ಕೆಂದೇ ಒಸೆಲ್ಟಾಮಿವಿರ್ ಎಂಬ ಔಷಧಿಯಿದೆ, 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಉಪಯೋಗ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಚಳಿಗಾಲದ ಜ್ವರವನ್ನು ನೆಗಡಿಯೆಂದು ತಳ್ಳಿಹಾಕುವ ಹಕ್ಕು ಬೇರೆ ಊರಿನವರಿಗಿರಬಹುದು, ಸೊರಬದವರಿಗಿಲ್ಲ. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದ್ದರು. ಹಳದಿ ಜ್ವರವೇ ಬಂತೇನೋ ಎಂಬ ಗಾಬರಿಯೂ ಆಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹುಡುಕಿದಾಗ ಸಿಕ್ಕಿದ್ದು ಜಗತ್ತಿಗೇ ಹೊಸ ವೈರಸ್. ನಮ್ಮ ಆ ಕಾಡಿನ ಹೆಸರನ್ನೇ ಅದಕ್ಕೆ ಇಟ್ಟರು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಕಾಡಿನ ಉಣುಗು ಕಚ್ಚಿ ಬರುವ ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನವೆಂಬರ್, ಡಿಸೆಂಬರ್‌ನಿಂದ ಬೇಸಿಗೆಯವರೆಗೆ ಇದರ ಕಾಲ, ಅಂದರೆ ನೆಗಡಿಯ ಕಾಲದಲ್ಲೇ ಇದೂ ಕಾಲಿಡುತ್ತದೆ. ಶುರುವಾಗುವುದೂ ಫ್ಲೂನಂತೆಯೇ: ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಕಾಲು ಮುರಿದಂಥ ನೋವು. ಬಂದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು ನಿಂತುಹೋಗಿದೆ. ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ಬೇಗ ಪತ್ತೆಯಾಗಿ ಆಸ್ಪತ್ರೆಯ ಆರೈಕೆ ಸಿಕ್ಕಿದರೆ ಉಳಿಯುವ ದಾರಿ ಹೆಚ್ಚು.

ಅಂಥ ಜ್ವರದವನೂ ಮೊದಲು ನಿನ್ನನ್ನೇ ನುಂಗುತ್ತಾನೆ, ಅಜಿತ್ರೋಮೈಸಿನ್. ಮೂರು ದಿನ ನಿನ್ನ ದಾರಿ ಕಾಯುತ್ತಾನೆ. ರಕ್ತ ಪರೀಕ್ಷೆಗೆ ಕಳಿಸಬೇಕಿದ್ದ ಮೂರು ದಿನ ಅವು. ನನಗೆ ಹೆದರಿಕೆ ಇದೇ.

ಹಾಗಾಗಿ ನಿನ್ನ ಮೂಲಕ ನನ್ನ ತಾಲ್ಲೂಕಿನವರಲ್ಲಿ ಬೇಡಿಕೊಳ್ಳುತ್ತೇನೆ. ಸೌದೆಗೆ, ತರಗೆಲೆಗೆ, ದನ ಕಾಯಲು ಕಾಡಿಗೆ ಹೋಗುವ ಮೊದಲು, ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಬಟ್ಟೆ ಕಳಚಿ ಬಿಸಿನೀರಿನಲ್ಲಿ ಒಗೆಯಲು ಹಾಕಿ, ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಆಮೇಲೆ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಡಾಕ್ಟರು ಕೇಳದಿದ್ದರೂ 'ನಾನು ಕಾಡಿಗೆ ಹೋಗಿದ್ದೆ' ಎಂದು ನೀವೇ ಹೇಳಿ. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ಈ ಜ್ವರದಲ್ಲಿ ರಕ್ತಸ್ರಾವದ ಭಯವಿದೆ. ಅಂಗಡಿಯಿಂದ ಅಜಿತ್ರೋಮೈಸಿನ್ ತಂದು ಆಗಲೇ ನುಂಗಿದ್ದರೆ ಅದನ್ನೂ ಮುಚ್ಚಿಡಬೇಡಿ, ಡಾಕ್ಟರು ಬೈದರೂ ಪರವಾಗಿಲ್ಲ.

ಇಂತಿ,
ಸೊರಬ ತಾಲ್ಲೂಕಿನಿಂದ ನಿನ್ನ ಹಿತೈಷಿ