ನಿಶ್ಶಬ್ದ ವಲಯದಲ್ಲಿ ರಾಯರು

(ಬೆಂಗಳೂರಿನ ಒಂದು ನರ್ಸಿಂಗ್ ಹೋಮ್. ಗೇಟಿನ ಮೇಲೆ ‘ನಿಶ್ಶಬ್ದ ವಲಯ’ ಎಂಬ ಫಲಕ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಹೊಸ ಹಾರ್ನನ್ನು ಪರೀಕ್ಷಿಸಲು ಜನ ಸಾಮಾನ್ಯವಾಗಿ ಆರಿಸಿಕೊಳ್ಳುವ ಜಾಗವೂ ಅದೇ.)

ಡಾಕ್ಟರ್: ಏನ್ ತೊಂದ್ರೆ ರಾಯರೇ?

ರಾಯರು: ನಿದ್ದೆ ಹತ್ತಲ್ಲ ಡಾಕ್ಟ್ರೇ.

ಡಾಕ್ಟರ್: ಮುದ್ದೆ ಸೇರದಿದ್ರೆ ಚಪಾತಿ ತಿನ್ನಿ.

ರಾಯರು: ಮುದ್ದೆ ಅಲ್ಲ ಸ್ವಾಮೀ, ನಿದ್ದೆ! ಎದುರುಮನೆಯವರು ರಾತ್ರಿಯಿಡೀ ಬೋರ್‌ವೆಲ್ ಕೊರೆಸ್ತಿದಾರೆ.

ಡಾಕ್ಟರ್: (ಕಿಟಕಿ ಮುಚ್ಚುತ್ತಾ) ಕಾನೂನಿದೆಯಲ್ಲ! 2000ನೇ ಇಸವಿಯ ನಿಯಮ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ 45.

ರಾಯರು: ದೂರು ಕೊಡೋಕೆ ಫೋನ್ ಮಾಡಿದ್ದೆ. ‘ಜೋರಾಗಿ ಹೇಳಿ ಸಾರ್, ಹಿಂದೆ ಗಲಾಟೆ ಜಾಸ್ತಿ, ಏನೂ ಕೇಳಿಸ್ತಿಲ್ಲ’ ಅಂದು ಇಟ್ಟುಬಿಟ್ರು.

ಡಾಕ್ಟರ್: ನೋಡಿ, ನೀವು ಮಲಗಿದ್ರೂ ಕಿವಿ ಮಲಗಲ್ಲ. ಪ್ರತಿ ಸದ್ದಿಗೂ ಮೈ ಬೆಚ್ಚುತ್ತೆ, ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹೆಚ್ಚುತ್ತೆ, ಬಿ.ಪಿ. ಏರುತ್ತೆ. ಆಮೇಲೆ ಹಗಲಿಡೀ ಸಿಡಿಮಿಡಿ.

ರಾಯರು: ನಿಜ. ನಿನ್ನೆ ಸೀಟಿ ಹೊಡೆದ ಕುಕ್ಕರ್‌ಗೆ ‘ಹೊರಗೆ ಬಾ, ನೋಡ್ಕೋತೀನಿ’ ಅಂದೆ. ಮನೆಯವಳು ಆಗಿಂದ ಅನ್ನ ಬಸೀತಿದಾಳೆ.

ಡಾಕ್ಟರ್: ನಾಲ್ಕು ದಿನ ಊರ ಕಡೆ ಇದ್ದು ಬನ್ನಿ.

ರಾಯರು: ತೀರ್ಥಹಳ್ಳಿ ಹತ್ರ ತಂಗಿ ಮನೇಗೆ ಹೋಗಿದ್ದೆ. ಒಂದು ಹಾರ್ನ್ ಇಲ್ಲ, ಡ್ರಿಲ್ ಇಲ್ಲ. ಏನಾಯ್ತೋ ಅಂತ ಭಯಕ್ಕೇ ಎಚ್ಚರ! ಕೊನೆಗೆ ಮೊಬೈಲಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ ಸದ್ದು ಹಾಕ್ಕೊಂಡು ಮಲಗಿದೆ.

ಡಾಕ್ಟರ್: (ದನಿ ತಗ್ಗಿಸಿ) ಅದನ್ನ ನನಗೂ ವಾಟ್ಸ್‌ಆ್ಯಪ್ ಮಾಡಿ. ಮುಂದಿನ ವಾರ ರಜಕ್ಕೆ ಮಡಿಕೇರಿಗೆ ಹೋಗ್ತಿದೀನಿ.