ಶಕ್ತಿ ಮಾತ್ರೆ ತಿನ್ನಿಸುವ ಕ್ರಮ: ನೆಂಟರ ಕೈಪಿಡಿ

ಈ ಕೈಪಿಡಿ ಕಾಯಿಲೆಯವರಿಗಲ್ಲ, ನೆಂಟರಿಗೆ. ಎಲೆ ಅಡಿಕೆ, ಹೊಗೆಸೊಪ್ಪಿನಿಂದ ಬಾಯಿ ಹುಣ್ಣಾಗಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕರೆಂಟ್ (ರೇಡಿಯೇಷನ್) ಕೊಡಿಸಿಕೊಂಡು ಚನ್ನಪಟ್ಟಣದ ಮನೆಗೆ ಮರಳಿರುವ ಸೋದರತ್ತೆಯನ್ನು ನೋಡಲು ಕನಕಪುರ, ಮಾಗಡಿ ಕಡೆಯಿಂದ ಹೊರಟವರು ಬಸ್ಸಿನಲ್ಲೇ ಓದಿಕೊಳ್ಳಬಹುದು.

ಬರಿಗೈಲಿ ಹೋಗುವಂತಿಲ್ಲ. ಹಣ್ಣು ಒಯ್ದರೆ ನಾಲ್ಕು ದಿನಕ್ಕೆ ಕೊಳೆಯುತ್ತದೆ. ವಿಟಮಿನ್ ಡಬ್ಬಿ ಒಯ್ದರೆ ಆರು ತಿಂಗಳು ನಿಮ್ಮ ಹೆಸರು ಹೇಳುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಮಾರಿ ಬಂದ ದಿನವಾದರೆ ದೊಡ್ಡ ಡಬ್ಬಿಯೇ ಇರಲಿ. ಇದು ಔಷಧಿಯಾಗಿ ಬಳಸಲಿಕ್ಕಲ್ಲ ಎಂದು ಹಿಂಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮ ಹಾಗೆ ಬರೆಸುತ್ತದೆ. ಅಲ್ಲಿಗೆ ಹೆಬ್ಬೆರಳು ಅಡ್ಡ ಇಟ್ಟು ಕೊಡಿ.

ಕೊಡುವಾಗ ಆಡಬೇಕಾದ ಮಾತು: “ಏನೂ ಆಗಲ್ಲ ತಗೊಳಿ ಅತ್ತೆ, ಬರೀ ವಿಟಮಿನ್ನು. ಮತ್ತೆ ಬರಬಾರ್ದು ನೋಡಿ.”

ಮನೆಯಲ್ಲಿ ನರ್ಸಿಂಗ್ ಓದುವ ಹುಡುಗಿ ಇದ್ದರೆ ತೊಂದರೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಮಾತ್ರೆ ಪರೀಕ್ಷಿಸಿದರು, 1994ರಲ್ಲಿ ಲೆಕ್ಕ ತೆಗೆದರೆ ಬೀಟಾ ಕ್ಯಾರೊಟಿನ್ ನುಂಗಿದವರಿಗೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು ಬಂದಿತ್ತು ಅನ್ನುತ್ತಾಳೆ. “ಅದು ಚಳಿ ದೇಶದ ಮೈ ಕಣಮ್ಮ” ಎಂದುಬಿಡಿ.

ಅವಳು ಅಷ್ಟಕ್ಕೆ ಬಿಡುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ, ಕುತ್ತಿಗೆಯ ಕ್ಯಾನ್ಸರಿಗೆ ಕರೆಂಟ್ ಕೊಡಿಸಿಕೊಂಡ 540 ಮಂದಿಯ ಅಧ್ಯಯನ ತೆಗೆಯುತ್ತಾಳೆ. 2005ರಲ್ಲಿ ಪ್ರಕಟವಾದ ಅದು ನಿಮ್ಮ ಅತ್ತೆಯ ಕಾಯಿಲೆಗೇ ಹತ್ತಿರದ್ದು, ಹಾಗಾಗಿ ಇಲ್ಲಿ ಎಚ್ಚರ ಬೇಕು. ಅವರಲ್ಲಿ ಅರ್ಧದಷ್ಟು ಜನಕ್ಕೆ ವಿಟಮಿನ್ ಇ ಕೊಟ್ಟು, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟರು. ವಿಟಮಿನ್ ನುಂಗುತ್ತಿದ್ದಷ್ಟು ಕಾಲ ಅವರಲ್ಲಿ ಕ್ಯಾನ್ಸರ್ ಮರಳುವುದು, ಇಲ್ಲವೇ ಹೊಸದಾಗಿ ಹುಟ್ಟುವುದು ಹೆಚ್ಚಿತು. ನಿಲ್ಲಿಸಿದ ಮೇಲೆ ಇಳಿಯಿತು. ಕರೆಂಟ್ ಕೆಲಸ ಮಾಡುವುದೇ ಜೀವಕೋಶದೊಳಗೆ ಕಿಡಿಯಂಥ ಕಣಗಳನ್ನು ಎಬ್ಬಿಸಿ ಸುಡುವುದರಿಂದ. ಆ ಕಿಡಿ ಆರಿಸುವುದು ವಿಟಮಿನ್ ಇಯಂಥ ಆಂಟಿ-ಆಕ್ಸಿಡೆಂಟಿನ ಕಸುಬು. ಒಳ್ಳೆಯ ಕೋಶ ಯಾವುದು, ಕೆಟ್ಟದ್ದು ಯಾವುದು ಎಂದು ಅದು ವಿಚಾರಿಸುತ್ತದೆಯೇ ಎಂಬುದೇ ಡಾಕ್ಟರುಗಳ ಅನುಮಾನ. ಇದಕ್ಕೆ ಈ ಕೈಪಿಡಿಯಲ್ಲಿ ಉತ್ತರವಿಲ್ಲ, ಕಾಫಿ ಕೇಳಿ.

ನಮ್ಮ ಕಡೆಯ ಪುರಾವೆ ಬೇಕೆಂದು ನೀವೇ ಕೇಳಿದಿರೋ, ಕೆಟ್ಟಿರಿ. ತಿರುವನಂತಪುರದ ಕಡೆ ಬಾಯೊಳಗೆ ಬಿಳಿ ಮಚ್ಚೆ ಎದ್ದಿದ್ದ ಮೀನುಗಾರರಿಗೆ ಒಂದು ವರ್ಷ ವಿಟಮಿನ್ ಎ ಕೊಟ್ಟಿದ್ದರು. ಅರ್ಧದಷ್ಟು ಮಂದಿಗೆ ಮಚ್ಚೆ ಮಾಯವಾಯಿತು. ಇಷ್ಟನ್ನು ಗಟ್ಟಿಯಾಗಿ ಹೇಳಿ. ಮಾತ್ರೆ ನಿಂತ ಮೇಲೆ ಅವರಲ್ಲಿ ಹೆಚ್ಚಿನವರಿಗೆ ಮಚ್ಚೆ ವಾಪಸು ಬಂತು ಎಂಬುದನ್ನು ಅವಳು ಹೇಳಿಕೊಳ್ಳಲಿ.

ಸ್ತನದ ಕ್ಯಾನ್ಸರಿನವರ ಮನೆಗೂ ಇದೇ ಡಬ್ಬಿ ನಡೆಯುತ್ತದೆ. ಕೀಮೋಗೆ ಮೊದಲೂ ನಡುವೆಯೂ ಬಿ12 ನುಂಗುತ್ತಿದ್ದವರಲ್ಲಿ ಕಾಯಿಲೆ ಮರಳಿದ್ದು ಹೆಚ್ಚು ಎಂದು ಅಮೆರಿಕದ ಒಂದು ಅಧ್ಯಯನ 2019ರ ಕೊನೆಯಲ್ಲಿ ಹೇಳಿತು. ಅದು ಬಿ12ರಿಂದಲೇ ಆಯಿತೆಂದು ಸಾಬೀತಾಗಿಲ್ಲ. ಈ ಒಂದು ವಾಕ್ಯ ನಿಮ್ಮ ಪರವಾಗಿದೆ, ಬಾಯಿಪಾಠ ಮಾಡಿಕೊಳ್ಳಿ.

ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡು ಡಾಕ್ಟರೇ ಬರೆದ ಮಾತ್ರೆ, ಆಪರೇಷನ್ನಿನಲ್ಲಿ ಜಠರ ತೆಗೆಸಿಕೊಂಡವರಿಗೆ ಹಾಕುವ ಬಿ12 ಇಂಜೆಕ್ಷನ್, ಇವು ಈ ಕೈಪಿಡಿಗೆ ಸೇರಿದವಲ್ಲ. ಅವು ಬೇಕೇ ಬೇಕು. ಆದರೆ ಅವುಗಳಿಂದ ನೆಂಟರಿಗೆ ಹೆಸರು ಬರುವುದಿಲ್ಲ.

ಚೆಕಪ್ಪಿನ ದಿನ ಡಬ್ಬಿ ಚೀಲಕ್ಕೆ ಸೇರದಂತೆ ನೋಡಿಕೊಳ್ಳಿ. “ಬೇರೆ ಏನಾದ್ರೂ ತಗೋತಿದ್ದೀರಾ ಅಮ್ಮ?” ಎಂದು ಡಾಕ್ಟರು ಕೇಳಿದರೆ “ಏನೂ ಇಲ್ಲ ಸಾರ್” ಎನ್ನಲು ಅತ್ತೆಗೆ ಮೊದಲೇ ಹೇಳಿಕೊಡಿ. ಬೆಳಗಿನ ರೈಲಿಗೆ ಜೊತೆಯಲ್ಲಿ ಹೋಗಿ, ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿಸಿ, ಸಾಲಿನಲ್ಲಿ ಚೀಟಿ ಹಿಡಿದು ನಿಲ್ಲುವ ಕೆಲಸವೂ ಇದೆ. ಅದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ, ಡಬ್ಬಿ ಅಗ್ಗ.

ಮಾತು ಮುಗಿದ ಮೇಲೆ ಜಗುಲಿಯಲ್ಲಿ ಕೂತು ಅವರು ಕೊಟ್ಟ ಎಲೆ ಅಡಿಕೆ ಹಾಕಿಕೊಳ್ಳಿ. ಜೇಬಿನಲ್ಲಿ ಹೊಗೆಸೊಪ್ಪಿದ್ದರೆ ಅದನ್ನೂ. ಅತ್ತೆಯ ಕಣ್ಣು ಆ ಕಡೆ ಹೋದರೆ ವಿಟಮಿನ್ ವಿಷಯ ಮತ್ತೊಮ್ಮೆ ಎತ್ತಿ.

ವಾರಂಟಿ: ಇಲ್ಲ. ಕಾಯಿಲೆ ಮರಳದಿದ್ದರೆ ಡಬ್ಬಿಯಿಂದಲೇ ಎಂದು ಮಾಗಡಿ ರಂಗನ ಜಾತ್ರೆಯಲ್ಲಿ ಸಿಕ್ಕವರಿಗೆಲ್ಲ ಹೇಳಿ. ನಿಮ್ಮ ಭಾಮೈದ ಅದರ ಏಜೆಂಟಾಗಿದ್ದರೆ ಇನ್ನೂ ಅನುಕೂಲ. ಮರಳಿತೋ, “ಅವರು ಸರಿಯಾಗಿ ತಗೊಳ್ಲೇ ಇಲ್ಲ” ಅನ್ನಿ.