ಮೂರನೆಯ ಕಳ್ಳ

ಅತ್ತಿಗೆಯ ತಂಗಿಯ ಮದುವೆ. ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಮೊದಲ ತುತ್ತಿಗೇ ಗೊತ್ತಾಯಿತು. ಅಷ್ಟರಲ್ಲಿ ಹುಡುಗಿಯ ಸೋದರಮಾವ ಶಲ್ಯ ಸರಿಮಾಡಿಕೊಳ್ಳುತ್ತ ಬಂದು, "ಸಾರು ಹೇಗಿದೆ?" ಎಂದರು. ಎಡಗಡೆಯವರು "ಅಮೃತ ಸ್ವಾಮಿ" ಎಂದರು. ಬಲಗಡೆಯವರು ಅಡುಗೆಯವರ ಊರು ಕೇಳಿದರು. ಎದುರು ಪಂಕ್ತಿಯ ಮೇಷ್ಟರು ಸಂಗೀತ ಕೇಳಿದವರಂತೆ ತಲೆದೂಗಿದರು. ನಾನೂ "ಬಹಳ ಚೆನ್ನಾಗಿದೆ, ಇನ್ನೊಂದು ಸೌಟು ಹಾಕಿಸಿ" ಎಂದೆ. ಹೊಗಳಿಕೆಯೇನೋ ದಾಕ್ಷಿಣ್ಯದ್ದು, ಒಪ್ಪೋಣ. ಆ ಎರಡನೆಯ ಸೌಟು ಯಾಕೆ ಬೇಕಿತ್ತು?

ಪಂಚತಂತ್ರದ ಬ್ರಾಹ್ಮಣನನ್ನು ಕಂಡು ಶಾಲೆಯಲ್ಲಿ ನಾವೆಲ್ಲ ನಕ್ಕಿದ್ದೆವು. ಹೆಗಲ ಮೇಲೆ ಆಡು ಹೊತ್ತುಕೊಂಡು ಹೋಗುವವನಿಗೆ ದಾರಿಯಲ್ಲಿ ಒಬ್ಬೊಬ್ಬರಾಗಿ ಮೂವರು ಕಳ್ಳರು ಸಿಕ್ಕಿ "ಇದೇನು ಸ್ವಾಮಿ, ನಾಯಿ ಹೊತ್ತಿದ್ದೀರಿ?" ಎನ್ನುತ್ತಾರೆ, ಪುಣ್ಯಾತ್ಮ ಅದನ್ನು ಇಳಿಸಿ ಹೊರಟುಹೋಗುತ್ತಾನೆ. ಕಿವಿಯ ಪಕ್ಕದಲ್ಲೇ ಅದು "ಮ್ಯಾ" ಎನ್ನುತ್ತಿರಲಿಲ್ಲವೇ ಎಂಬುದು ನಮ್ಮ ಪ್ರಶ್ನೆಯಾಗಿತ್ತು. ಸಾರು ಉಂಡ ಮೇಲೆ ನನ್ನ ಪ್ರಶ್ನೆ ಬದಲಾಗಿದೆ: ಕಳ್ಳರು ಮೂವರೇ ಯಾಕೆ?

ಇದಕ್ಕೆ ಉತ್ತರ ಸಿಕ್ಕಿದ್ದು ಸಾಲೊಮನ್ ಆಶ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನಲ್ಲಿ. 1950ರ ದಶಕದಲ್ಲಿ ಆತ ಕಾಲೇಜು ಹುಡುಗರನ್ನು ಸಾಲಾಗಿ ಕೂರಿಸಿ, ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದು ಎಂದು ಕೇಳುತ್ತಿದ್ದ. ಒಂಟಿಯಾಗಿ ಕೂತು ಉತ್ತರಿಸಿದವರು ತಪ್ಪಿದ್ದು ನೂರಕ್ಕೆ ಒಂದು ಸಲಕ್ಕಿಂತ ಕಡಿಮೆ. ಆದರೆ ಸಾಲಿನಲ್ಲಿ ಒಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಆಶ್‌ನ ಕಡೆಯವರು. ಮೊದಲೇ ಮಾತಾಡಿಕೊಂಡು ತಪ್ಪು ಗೆರೆಯನ್ನು ಒಕ್ಕೊರಲಿನಿಂದ ಹೇಳುವವರು. ಪಾಪ, ಆ ಒಬ್ಬ ಕಣ್ಣುಜ್ಜಿಕೊಳ್ಳುತ್ತಿದ್ದ, ಬೆವರುತ್ತಿದ್ದ. ಹೀಗೆ ಸಿಕ್ಕಿಬಿದ್ದವರಲ್ಲಿ ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ಜೊತೆ "ಹೂಂ" ಎಂದರು.

ಆಮೇಲೆ ಆಶ್ ತಲೆ ಎಣಿಸತೊಡಗಿದ. ಎದುರಾಳಿ ಒಬ್ಬನೇ ಇದ್ದಾಗ ಪರಿಣಾಮ ಇಲ್ಲವೆಂದೇ ಹೇಳಬೇಕು. ಇಬ್ಬರಾದರೆ ತಪ್ಪು ಉತ್ತರ ಶೇ 13.6. ಮೂವರಾದರೆ ಶೇ 31.8. ಅಲ್ಲಿಂದಾಚೆ ಹದಿನೈದು ಜನರನ್ನು ತಂದು ಕೂರಿಸಿದರೂ ಹೇಳಿಕೊಳ್ಳುವಂಥ ಏರಿಕೆ ಇಲ್ಲ! ಕಾಡಿನ ಕಳ್ಳರ ಲೆಕ್ಕ ಎಷ್ಟು ಪಕ್ಕಾ ನೋಡಿ. ನಾಲ್ಕನೆಯವನನ್ನು ಸೇರಿಸಿಕೊಂಡಿದ್ದರೆ ಆಡಿನಲ್ಲಿ ಒಂದು ಪಾಲು ದಂಡ.

ಈ ಆಶ್ ಹುಟ್ಟಿದ್ದು 1907ರಲ್ಲಿ, ವಾರ್ಸಾದ ಯಹೂದಿ ಮನೆಯಲ್ಲಿ. ಏಳು ವರ್ಷದವನಿದ್ದಾಗ ಪಾಸೋವರ್ ಹಬ್ಬದ ರಾತ್ರಿ, ಪ್ರವಾದಿ ಎಲೈಜಾನಿಗೆಂದು ಒಂದು ಲೋಟ ದ್ರಾಕ್ಷಾರಸ ಎತ್ತಿಟ್ಟಿದ್ದರಂತೆ. ನೋಡುತ್ತಿರು, ಒಂದು ಗುಟುಕು ಕಡಿಮೆಯಾಗುತ್ತದೆ ಎಂದರಂತೆ ಮಾವ. ಹುಡುಗ ಕಣ್ಣು ಕೀಲಿಸಿ ನೋಡಿದ. ಕಡಿಮೆಯಾದಂತೆಯೇ ಕಂಡಿತು.

ಇದನ್ನು ಓದಿದಾಗ ನನಗೆ ಲೋಟವಲ್ಲ, ಚಮಚ ನೆನಪಾಯಿತು. 1995ರ ಸೆಪ್ಟೆಂಬರ್ 21. ದೆಹಲಿಯಲ್ಲಿ ಗಣಪ ಹಾಲು ಕುಡಿದನಂತೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶ ಸುತ್ತಿತ್ತು. ನಮ್ಮ ಬೀದಿಯ ಗುಡಿಯ ಮುಂದೆಯೂ ಸಾಲು. ಮೇಲ್ಮೈ ಎಳೆತದಿಂದ ಹಾಲು ಚಮಚ ಬಿಟ್ಟು ವಿಗ್ರಹದ ಮೈಮೇಲೆ ತೆಳ್ಳಗೆ ಹರಿಯುತ್ತದೆ ಎಂದು ವಿಜ್ಞಾನಿಗಳು ಹೇಳಿದರು. ಆದರೆ ನನ್ನ ಮುಂದಿದ್ದವರು "ಕುಡಿದ!" ಎಂದಿದ್ದರು, ಅವರ ಮುಂದಿದ್ದವರೂ. ನನ್ನ ಪಾಲಿನ ಹಾಲು ಸೀದಾ ನನ್ನ ಮೊಣಕೈಗೆ ಇಳಿದಿತ್ತು. ತೋಳು ಮಡಚಿಕೊಂಡು, ಹಿಂದಿನವರ ಕಡೆ ತಿರುಗಿ, "ಕುಡಿದ" ಎಂದೆ. ಸುಳ್ಳು ಹೇಳಿದೆ ಎಂದು ಆಗ ಅನ್ನಿಸಲೇ ಇಲ್ಲ.

ಆಶ್‌ನ ಲೆಕ್ಕದಲ್ಲಿ ಇನ್ನೊಂದು ಅಂಶವಿದೆ. ಸಾಲಿನಲ್ಲಿ ಒಬ್ಬನೇ ಒಬ್ಬ ನಿಜ ನುಡಿದರೆ ಸಾಕು, ತಪ್ಪು ಉತ್ತರಗಳು ಕಾಲು ಭಾಗಕ್ಕೆ ಇಳಿಯುತ್ತವೆ. ನಮ್ಮ ಪಂಕ್ತಿಯಲ್ಲಿ ಆ ಒಬ್ಬರು ಕೊನೆಯ ಎಲೆಯ ಅಜ್ಜಿ. "ಉಪ್ಪು ಹಾಕೋದು ಮರ್ತಿದೀರೇನ್ರಪ್ಪಾ?" ಎಂದರು. "ಹೌದು ಹೌದು, ನನಗೂ ಅನ್ನಿಸಿತು" ಎಂದು ಮೊದಲು ದನಿಗೂಡಿಸಿದವರು ಅಮೃತ ಎಂದಿದ್ದ ಎಡಗಡೆಯವರೇ. ಆಗ ಗಮನಿಸಿದೆ: ಎಲೆಯ ತುದಿಗೆ ಬಡಿಸಿದ್ದ ಉಪ್ಪು ಅವರದ್ದೂ ಖಾಲಿ, ಮೇಷ್ಟರದ್ದೂ ಖಾಲಿ.

ಸೋದರಮಾವ ನನ್ನ ಕಡೆ ತಿರುಗಿದರು. "ಅಲ್ಲ, ನೀವು ಇನ್ನೊಂದು ಸೌಟು ಹಾಕಿಸಿಕೊಂಡಿರಲ್ಲ?"

ಪುಣ್ಯಕ್ಕೆ ಹೋಳಿಗೆ ಬಂತು.